ಸಹಿ ಯಾರದು, ಹೊಣೆ ಯಾರದು: ಕಾಫಿ ಡೇ ಪ್ರಕರಣ ಮತ್ತು ನಮ್ಮ ನೀತಿಸಿದ್ಧಾಂತಗಳ ಓದು

[ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತುಗಳ ಲಿಖಿತ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇವೆ, ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಂಡಿದ್ದೇವೆ. ಚರ್ಚೆಯ ಭಾಗದಿಂದ ಎರಡು ಪ್ರಶ್ನೆಗಳನ್ನಷ್ಟೇ ಕೊನೆಯಲ್ಲಿ ಸೇರಿಸಲಾಗಿದೆ.]

ಧ್ವನಿ ಕೇಳಿಸ್ತಿದೆ ಅಂದುಕೊಳ್ಳುತ್ತೇನೆ. ನಾನು ಮಾನಂತವಾಡಿ ಹತ್ತಿರದ ನಮ್ಮ ಮನೆಯಿಂದ ಮಾತಾಡ್ತಿದ್ದೇನೆ, ಬೆಳಗ್ಗೆಯಿಂದ ಇಲ್ಲಿ ಮಳೆ. ಕರೆಂಟು ಹೋದರೆ ಫೋನಿನಿಂದ ಮತ್ತೆ ಸೇರ್ಕೋತೀನಿ, ದಯವಿಟ್ಟು ಕಾಯಬೇಕು.

ಈ ಸರಣಿಯಲ್ಲಿ ಕಂಪನಿಗಳ ಅಕ್ರಮದ ಬಗ್ಗೆ ಇದುವರೆಗೆ ಬಂದ ಪ್ರಬಂಧಗಳನ್ನೆಲ್ಲ ಮತ್ತೊಮ್ಮೆ ಓದಿದೆ. ಹೋದ ಸೆಮಿಸ್ಟರ್‌ನಲ್ಲಿ ನಾನೇ ಬರೆದದ್ದೂ ಅದರಲ್ಲಿದೆ. ಎಲ್ಲದಕ್ಕೂ ಒಂದೇ ಅಚ್ಚು. ಮೊದಲು ಪ್ರಕರಣದ ಸಾರಾಂಶ. ಆಮೇಲೆ ಉಪಯುಕ್ತತಾವಾದದ ಪ್ರಕಾರ ತಪ್ಪು, ಕಾಂಟ್ ಪ್ರಕಾರ ತಪ್ಪು, ಅರಿಸ್ಟಾಟಲ್ ಪ್ರಕಾರವೂ ತಪ್ಪು. ಮೂರು ಮೊಹರು ಒತ್ತಿ ಕಡತ ಮುಚ್ಚುತ್ತೇವೆ. ಮೂರು ಸಿದ್ಧಾಂತಗಳೂ ಒಂದೇ ಮನುಷ್ಯನ ಕಡೆ ಬೆರಳು ತೋರಿಸುತ್ತಿದ್ದರೆ, ಆ ಮನುಷ್ಯನನ್ನು ಆರಿಸಿದ್ದು ಸಿದ್ಧಾಂತವೋ ಅಥವಾ ಅದಕ್ಕೂ ಮೊದಲೇ ನಾವೋ? ಇವತ್ತಿನ ಮಾತೆಲ್ಲ ಈ ಅನುಮಾನದ ಬಗ್ಗೆ. ಅದಕ್ಕೆ ನಾನು ತಗೊಂಡ ಪ್ರಕರಣ ಕಾಫಿ ಡೇ. ಕಾರಣ ಹೇಳಬೇಕಿಲ್ಲ. ವಯನಾಡು, ಕೊಡಗು, ಚಿಕ್ಕಮಗಳೂರು ಮೂರೂ ಕಾಫಿಯ ನೆಲ. ಆ ಹೆಸರು ಬಂದಾಗ ನಮ್ಮ ಕಣದಲ್ಲಿ ಚೆರ್ರಿ ಹರಡುತ್ತಾ ನಿಂತವರೂ ಕೈ ನಿಲ್ಲಿಸಿ ಮಾತಿಗೆ ಬರುತ್ತಾರೆ.

ಗೊತ್ತಿರುವುದನ್ನು ಚುಟುಕಾಗಿ ಹೇಳ್ತೀನಿ. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. 2015ರಲ್ಲಿ ಮಾತೃಸಂಸ್ಥೆ ಕಾಫಿ ಡೇ ಎಂಟರ್‌ಪ್ರೈಸಸ್ ಷೇರು ಮಾರುಕಟ್ಟೆಗೆ ಬಂತು, ಒಂದು ಷೇರಿಗೆ 328 ರೂಪಾಯಿಯಂತೆ. 2019ರ ಜುಲೈ 29ರ ಸಂಜೆ ಅವರು ಮಂಗಳೂರಿನ ಬಳಿ ನೇತ್ರಾವತಿ ಸೇತುವೆ ಹತ್ತಿರ ಕಾಣೆಯಾದರು. 31ರ ಬೆಳಗ್ಗೆ ದೇಹ ಸಿಕ್ಕಿತು. ಆಡಳಿತ ಮಂಡಳಿಯನ್ನೂ ಕಾಫಿ ಡೇ ಬಳಗವನ್ನೂ ಉದ್ದೇಶಿಸಿ ಅವರು ಬರೆದದ್ದೆಂದು ಹೇಳಲಾದ ಒಂದು ಪತ್ರ ಹೊರಬಂತು. ಕಂಪನಿ ನೇಮಿಸಿದ ತನಿಖೆಯ ವರದಿ 2020ರ ಜುಲೈನಲ್ಲಿ ಪ್ರಕಟವಾಯಿತು. ತನಿಖೆ ನಡೆಸಿದವರು ಸಿಬಿಐನ ನಿವೃತ್ತ ಡಿಐಜಿ ಅಶೋಕ್ ಕುಮಾರ್ ಮಲ್ಹೋತ್ರಾ. ಕಂಪನಿಯ ಅಂಗಸಂಸ್ಥೆಗಳಿಂದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ, ಪ್ರವರ್ತಕರ ಕುಟುಂಬದ ಖಾಸಗಿ ಸಂಸ್ಥೆಗೆ ಹೋಗಿ ವಾಪಸ್ ಬರಬೇಕಿದ್ದ ಹಣ 2019ರ ಜುಲೈ ಕೊನೆಗೆ 3,535 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. 2023ರ ಜನವರಿಯಲ್ಲಿ ಸೆಬಿ ಇದೇ ವಿಷಯಕ್ಕೆ ಕಂಪನಿಗೆ 26 ಕೋಟಿ ದಂಡ ಹಾಕಿ, ಬಾಕಿಯನ್ನು ಬಡ್ಡಿಸಮೇತ ವಸೂಲಿ ಮಾಡಿ ಎಂದಿತು. ಸೆಬಿ ಆದೇಶದ ಮೇಲೆ ಮೇಲ್ಮನವಿಗೆ ದಾರಿ ಇದೆ. ಹಾಗಾಗಿ ಅದನ್ನು ನಾನು ಕೊನೆಯ ಮಾತು ಅಂತ ಬಳಸುತ್ತಿಲ್ಲ, ದಾಖಲೆ ಅಂತ ಬಳಸುತ್ತಿದ್ದೇನೆ.

ಈಗ ಪತ್ರಕ್ಕೆ ಬರೋಣ. ಅದರ ಸಾರಾಂಶ ಎಲ್ಲರಿಗೂ ಗೊತ್ತು: ಉದ್ಯಮಿಯಾಗಿ ನಾನು ಸೋತೆ, ಮೋಸ ಮಾಡುವ ಉದ್ದೇಶ ಇರಲಿಲ್ಲ. ಖಾಸಗಿ ಹೂಡಿಕೆದಾರರೊಬ್ಬರ ಒತ್ತಡ, ಆದಾಯ ತೆರಿಗೆ ಅಧಿಕಾರಿಯಿಂದ ಕಿರುಕುಳ ಎಂಬ ಮಾತೂ ಇದೆ. ಪತ್ರದ ಸಹಿ ತಮ್ಮ ದಾಖಲೆಯಲ್ಲಿರುವ ಸಹಿಗೆ ಹೊಂದುವುದಿಲ್ಲ ಎಂದು ತೆರಿಗೆ ಇಲಾಖೆ ಹೇಳಿತು. ಆ ಜಗಳ ಇಲ್ಲಿ ಬೇಡ. ನಮ್ಮ ಪ್ರಬಂಧಗಳು ಗಮನಿಸದ ವಾಕ್ಯ ಬೇರೆ. ನನ್ನ ತಂಡಕ್ಕೆ, ಲೆಕ್ಕಪರಿಶೋಧಕರಿಗೆ, ಹಿರಿಯ ಅಧಿಕಾರಿಗಳಿಗೆ ನನ್ನ ವ್ಯವಹಾರಗಳು ಗೊತ್ತಿರಲಿಲ್ಲ, ಕಾನೂನು ನನ್ನೊಬ್ಬನನ್ನೇ ಹೊಣೆ ಮಾಡಲಿ ಎಂಬ ಅರ್ಥದ ಮಾತು.

ನಾವು ಇದನ್ನು ತಪ್ಪೊಪ್ಪಿಗೆ ಅಂತ ಓದಿದೆವು. ನನಗೀಗ ಅನ್ನಿಸ್ತಿರೋದು, ಇದು ಒಂದು ನೈತಿಕ ವಾದ. ಹೊಣೆ ಯಾರದು ಎಂದು ಹಂಚುವ ವಾದ. ಎಲ್ಲವೂ ನನ್ನದು, ಉಳಿದವರಿಗೆ ಏನೂ ಇಲ್ಲ. ನಂಬುವ ಮೊದಲು ಬೇರೆ ಯಾವ ವಾದವನ್ನಾದರೂ ಪರೀಕ್ಷಿಸುತ್ತೇವೆ, ಇದನ್ನು ಮಾತ್ರ ಪರೀಕ್ಷಿಸದೆ ಒಪ್ಪಿಕೊಂಡೆವು. ಸಾಯುವ ಮೊದಲು ಬರೆದದ್ದು ಎಂಬ ಭಾರ ಅದರ ಮೇಲಿತ್ತು. ಆ ಭಾರವನ್ನು ನಾನು ಹಗುರ ಮಾಡ್ತಿಲ್ಲ.

ಇದೇ ಬಗೆಯ ಇನ್ನೊಂದು ಪತ್ರ ಹತ್ತು ವರ್ಷ ಮೊದಲೇ ಬಂದಿತ್ತು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ತಮ್ಮ ಮಂಡಳಿಗೆ ಬರೆದದ್ದು. ಲೆಕ್ಕದಲ್ಲಿ ತೋರಿಸಿದ 5,040 ಕೋಟಿ ನಗದು ಇರಲೇ ಇಲ್ಲ ಎಂದು ಒಪ್ಪಿಕೊಂಡ ಅದೇ ಪತ್ರದಲ್ಲಿ, ಮಂಡಳಿಯ ಯಾರಿಗೂ ಇದು ತಿಳಿದಿರಲಿಲ್ಲ ಎಂದೂ ಬರೆದರು. ಎರಡು ಪ್ರಕರಣಗಳೂ ಒಂದೇ ಅಲ್ಲ, ಎರಡು ಅಂತ್ಯಗಳೂ ಒಂದೇ ಅಲ್ಲ. ಆದರೆ ವಾದದ ರೂಪ ಒಂದೇ. ಸತ್ಯಂ ವಿಷಯದಲ್ಲಿ ನ್ಯಾಯಾಲಯ ಹೊಣೆಯನ್ನು ಒಬ್ಬರ ಮೇಲೇ ಬಿಡಲಿಲ್ಲ. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತು ಜನರನ್ನು ತಪ್ಪಿತಸ್ಥರೆಂದಿತು. ಕಂಪನಿಯ ಹಣಕಾಸು ಮುಖ್ಯಸ್ಥರಿದ್ದರು, ಇಬ್ಬರು ಲೆಕ್ಕಪರಿಶೋಧಕರಿದ್ದರು. (ಮುಂದೆ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಯಿತು, ಅದನ್ನೂ ಹೇಳಬೇಕು.) ‘ನನ್ನೊಬ್ಬನಿಂದ’ ಎನ್ನುವ ಮಾತನ್ನು ಕಾನೂನು ಅನುಮಾನದಿಂದ ನೋಡಿತು. ನೀತಿಶಾಸ್ತ್ರದ ವಿದ್ಯಾರ್ಥಿಗಳಾದ ನಾವು ನೋಡಲಿಲ್ಲ.

ಕಾಫಿ ಡೇ ದಾಖಲೆಯಲ್ಲೇ ಇರುವ ಒಂದು ಅಂಕಿ ನೋಡಿ. 3,535 ಕೋಟಿಯಲ್ಲಿ 842 ಕೋಟಿ 2019ರ ಮಾರ್ಚ್ 31ಕ್ಕೆ ಮುಂಚೆಯೇ ಬಾಕಿ ಇತ್ತು, ಲೆಕ್ಕಪರಿಶೋಧನೆಯಾದ ಕ್ರೋಡೀಕೃತ ಲೆಕ್ಕಪತ್ರದ ಪ್ರಕಾರವೇ. ಉಳಿದ 2,693 ಕೋಟಿ ಹೊಸ ಬಾಕಿ, ಅಂದರೆ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳಲ್ಲಿ ಬೆಳೆದದ್ದು. ಎಲ್ಲರೂ 2,693 ಅನ್ನು ಹಿಡಿದು ಕೂತರು, ಅದು ದೊಡ್ಡ ಅಂಕಿ, ಶೀರ್ಷಿಕೆಗೆ ಬರುವಂಥದ್ದು. ನನಗೆ 842 ಹೆಚ್ಚು ಮುಖ್ಯ. ಅದು ಕತ್ತಲಲ್ಲಿ ನಡೆದದ್ದಲ್ಲ. ಪ್ರವರ್ತಕರ ಕುಟುಂಬದ ಸಂಸ್ಥೆಯಿಂದ ಸಾರ್ವಜನಿಕ ಕಂಪನಿಗೆ ಬರಬೇಕಾದ ದುಡ್ಡು ಅಂತ ಪುಸ್ತಕದಲ್ಲಿ ಕೂತಿತ್ತು. ಓದುವವರಿಗೆ ಓದಲು ಸಿಗುತ್ತಿತ್ತು. ಮುಂದಿನ ನಾಲ್ಕು ತಿಂಗಳು ಯಾರಿಗೂ ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆ ಮೊದಲಿನ 842 ಕೋಟಿಯ ಬಗ್ಗೆ ಯಾರು ಏನು ಕೇಳಿದರು?

ಸಿದ್ಧಾಂತಗಳಿಗೆ ಹೋಗೋಣ. ಉಪಯುಕ್ತತಾವಾದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಪ್ರಬಂಧಗಳಲ್ಲಿ ಅದು ಕೂಡಿಸಿ ಕಳೆಯುವ ಲೆಕ್ಕ: ಇಷ್ಟು ಸಾವಿರ ಜನಕ್ಕೆ ಕೆಲಸ, ಇಷ್ಟು ಕೆಫೆ, ಇಷ್ಟು ಸಾಲ. ಲೆಕ್ಕ ಯಾವ ತಾರೀಖಿಗೆ ಮಾಡಿದ್ದು ಅಂತ ಮಾತ್ರ ಯಾರೂ ಬರೆಯುವುದಿಲ್ಲ. 2018ಕ್ಕೆ ನಿಂತು ನೋಡಿದರೆ ಇದು ಯಶಸ್ಸಿನ ಕಥೆ. 2019ರ ಆಗಸ್ಟಿಗೆ ನಿಂತರೆ ದುರಂತ. ಗುಂಪಿನ ಸಾಲ 2019ರ ಮಾರ್ಚ್ ಹೊತ್ತಿಗೆ 7,200 ಕೋಟಿ ಆಸುಪಾಸಿನಲ್ಲಿತ್ತು. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕನ್ನು ಮಾರಿ 2020ರ ಮಾರ್ಚ್‌ನಲ್ಲಿ 13 ಸಾಲದಾತರಿಗೆ 1,644 ಕೋಟಿ ತೀರಿಸಿದ್ದನ್ನು ಸೇರಿಸಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಮಾಳವಿಕಾ ಹೆಗ್ಡೆ ಅವರು ಸಿಇಒ ಆದ ಮೇಲಿನ ವರ್ಷಗಳನ್ನು ಸೇರಿಸಿದರೆ ಇನ್ನೊಮ್ಮೆ. ಕೊನೆಗೆ ಲೆಕ್ಕದಲ್ಲಿ ಕಾಣುವುದು ಸಾಲದಾತ, ನೌಕರ, ಗ್ರಾಹಕ. 328ಕ್ಕೆ ಷೇರು ಕೊಂಡು, 2020ರ ಆರಂಭದಲ್ಲಿ ಷೇರು ವಹಿವಾಟೇ ನಿಂತು, ಒಂದು ವರ್ಷಕ್ಕೂ ಮೇಲೆ ಮಾರಲೂ ಆಗದೆ ಕೂತ ಸಣ್ಣ ಷೇರುದಾರ ನಮ್ಮ ಯಾವ ಪ್ರಬಂಧದಲ್ಲೂ ಇರಲಿಲ್ಲ. ನನ್ನದರಲ್ಲೂ ಇರಲಿಲ್ಲ.

ಕಾಂಟ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಮಾಮೂಲಿ ವಾದ ಹೀಗೆ: ಷೇರುದಾರರನ್ನು ಬರೀ ಸಾಧನವಾಗಿ ಬಳಸಿಕೊಂಡರು, ಆದ್ದರಿಂದ ತಪ್ಪು. ಸರಿ. ಆದರೆ ಸೆಬಿ ಆದೇಶದಲ್ಲಿ ಇನ್ನೊಂದು ವಿವರ ಇದೆ. ಸಹಿಯ ಅಧಿಕಾರ ಇದ್ದವರು ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿ ಕೊಟ್ಟಿರುತ್ತಿದ್ದರು, ಅವು ಸಿದ್ಧಾರ್ಥ ಅವರ ಬಳಿ ಇರುತ್ತಿದ್ದವು. ನಾನು ಮೊದಲ ಸಲ ಇದನ್ನು ಓದಿದಾಗ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. ಕಚೇರಿಗಳಲ್ಲಿ ನಡೆಯೋದೇ, ಏನು ಮಹಾ ಅಂತ.

ಕಾಂಟ್‌ನ ಪರೀಕ್ಷೆಯನ್ನು ಈ ಖಾಲಿ ಚೆಕ್ಕಿಗೆ ಹಚ್ಚಿ ನೋಡಿ. ಸುಳ್ಳು ಮಾತು ಕೊಟ್ಟು ಸಾಲ ಪಡೆಯುವವನ ಉದಾಹರಣೆ ನಮಗೆಲ್ಲ ಬಾಯಿಪಾಠ. ಎಲ್ಲರೂ ಹಾಗೆ ಮಾಡಿದರೆ ‘ಮಾತು ಕೊಡುವುದು’ ಎಂಬ ವ್ಯವಸ್ಥೆಯೇ ಉಳಿಯುವುದಿಲ್ಲ. ಸಹಿಯೂ ಒಂದು ಮಾತು: ನಾನು ನೋಡಿದೆ, ಮೊತ್ತ ಓದಿದೆ, ಯಾರಿಗೆ ಹೋಗುತ್ತದೆಂದು ತಿಳಿದೆ ಎಂಬ ಮಾತು. ಒಬ್ಬನ ಕಣ್ಣಿಗೆ ಬೀಳದ್ದು ಇನ್ನೊಬ್ಬನ ಕಣ್ಣಿಗೆ ಬೀಳಲಿ ಅಂತ ಕಂಪನಿ ಬೇರೆಯವರಿಗೂ ಆ ಅಧಿಕಾರ ಕೊಟ್ಟಿರುತ್ತದೆ. ಮೊತ್ತವೇ ಇಲ್ಲದ ಚೆಕ್ಕಿಗೆ ಸಹಿ ಹಾಕಿದರೆ ನೋಡಲು ಏನೂ ಇಲ್ಲದಿರುವಾಗ ‘ನೋಡಿದೆ’ ಎಂದ ಹಾಗಾಯಿತು. ಎಲ್ಲರೂ ಹೀಗೆ ಮಾಡಿದರೆ ಸಹಿ ಎಂಬುದಕ್ಕೆ ಅರ್ಥವೇ ಇಲ್ಲ. ಇಲ್ಲಿ ಪರೀಕ್ಷೆಯಲ್ಲಿ ಬೀಳುವವರು ಅಧ್ಯಕ್ಷರಲ್ಲ, ಸಹಿದಾರರು.

ಅವರಿಗೆ ಹಣ ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿತ್ತು ಎಂದು ನಾನು ಹೇಳ್ತಿಲ್ಲ. ಪತ್ರದಲ್ಲಿ ಹೇಳಿದ ಹಾಗೆ ಗೊತ್ತಿರಲೇ ಇಲ್ಲ ಎಂದು ಪೂರ್ತಿ ಒಪ್ಪಿಕೊಂಡರೂ ನನ್ನ ವಾದ ನಿಲ್ಲುತ್ತದೆ. ಗೊತ್ತಾಗದ ಹಾಗೆ ಸಹಿ ಹಾಕಿದ್ದೇ ಇಲ್ಲಿ ವಿಷಯ. ಇನ್ನೂ ಒಂದು ಮಾತು. ಕಾಂಟ್ 1797ರ ‘ಮೆಟಫಿಸಿಕ್ಸ್ ಆಫ್ ಮಾರಲ್ಸ್’ನಲ್ಲಿ ಮನುಷ್ಯನಿಗೆ ತನ್ನ ಕುರಿತೇ ಇರುವ ಕರ್ತವ್ಯಗಳ ಬಗ್ಗೆ ಬರೆಯುತ್ತಾನೆ. ಅದರಲ್ಲಿ ಒಂದು, ದಾಸ್ಯಬುದ್ಧಿಗೆ ಇಳಿಯದಿರುವುದು. ಅದನ್ನು ನಾವು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತೇವೆ. ಇತರರನ್ನು ಸಾಧನ ಮಾಡಿಕೊಳ್ಳುವುದು ಹೇಗೆ ತಪ್ಪೋ, ತನ್ನನ್ನು ಇನ್ನೊಬ್ಬರ ರಬ್ಬರ್ ಸ್ಟಾಂಪ್ ಆಗಲು ಬಿಟ್ಟುಕೊಡುವುದೂ ಹಾಗೇ ತಪ್ಪು. ನಮಗೆ ಉಪಯೋಗಕ್ಕೆ ಬರೋ ಕಾಂಟ್ ಇವನು. ಈ ಪರದೆಯಲ್ಲಿ ಕಾಣ್ತಿರೋ ಮುಖಗಳಲ್ಲಿ ಎಷ್ಟು ಜನ ಕಂಪನಿಯ ಅಧ್ಯಕ್ಷರಾಗ್ತೀವೋ ಗೊತ್ತಿಲ್ಲ. ಅಕೌಂಟ್ಸ್ ವಿಭಾಗದಲ್ಲಿ, ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಸಹಿ ಹಾಕೋರಂತೂ ಬಹಳ ಜನ ಆಗ್ತೀವಿ.

ಇನ್ನು ಸದ್ಗುಣನೀತಿ. ಇದು ನಮ್ಮ ಊರ ಕಡೆ ಪುಸ್ತಕ ಓದದವರೂ ಬಳಸುವ ಸಿದ್ಧಾಂತ. ಕನ್ನಡದಲ್ಲಿ ‘ಧಣಿ’, ಇಲ್ಲಿ ಮಲಯಾಳದಲ್ಲಿ ‘ಮುದಲಾಳಿ’. ಒಳ್ಳೇ ಧಣಿ ಅಂದರೆ ಯಾರು? ಮದುವೆಗೆ ಕೇಳದೆ ದುಡ್ಡು ಕೊಡುವವನು, ಆಸ್ಪತ್ರೆಗೆ ಜೀಪು ಕಳಿಸುವವನು, ಆಳಿನ ಮಗನ ಹೆಸರು ನೆನಪಿಟ್ಟುಕೊಳ್ಳುವವನು. ಸಿದ್ಧಾರ್ಥ ಅವರ ಬಗ್ಗೆ ಮಲೆನಾಡಿನಲ್ಲಿ ಇವತ್ತಿಗೂ ಕೇಳಿಬರುವುದು ಈ ಮಾತುಗಳೇ: ಸರಳ ಮನುಷ್ಯ, ಕೈ ದೊಡ್ಡದು, ನಮ್ಮ ಹುಡುಗರಿಗೆ ಕೆಲಸ ಕೊಟ್ಟರು. ನಾನು ಇದನ್ನು ಲೇವಡಿ ಮಾಡುವುದಿಲ್ಲ. ಮಲೆನಾಡಿನ ಹುಡುಗರು ಅವರ ಕೆಫೆಗಳಲ್ಲಿ ಏಪ್ರನ್ ಕಟ್ಟಿ ನಿಂತದ್ದು ಸುಳ್ಳಲ್ಲ.

ತೊಡಕು ಎಲ್ಲಿದೆ ಅಂದರೆ, ಅರಿಸ್ಟಾಟಲ್‌ನಲ್ಲಿ ಗುಣ ಎಂಬುದು ಮಾಡುವ ಕೆಲಸಕ್ಕೆ ಅಂಟಿಕೊಂಡಿದೆ. ಕೊಳಲು ನುಡಿಸುವವನ ಒಳ್ಳೆಯತನ ಕೊಳಲು ನುಡಿಸುವುದರಲ್ಲಿ. ಧಣಿಯ ಒಳ್ಳೆಯತನ ಔದಾರ್ಯದಲ್ಲಿ ಇರಬಹುದು, ಯಾಕಂದರೆ ಅವನು ಕೊಡುವುದು ಅವನದ್ದನ್ನು. ಸಾರ್ವಜನಿಕ ಷೇರು ಇರುವ ಕಂಪನಿಯ ನಿರ್ದೇಶಕನ ಒಳ್ಳೆಯತನ ಬೇರೆ. ಅವನ ಕೈಯಲ್ಲಿರುವುದು ಬೇರೆಯವರ ದುಡ್ಡು. ಅಲ್ಲಿ ಬೇಕಾದ ಗುಣಗಳು ನೀರಸವಾದವು. ಲೆಕ್ಕ ಹೇಳುವುದು, ಬೇಡ ಅನ್ನುವುದು, ತನ್ನ ಮನೆಯ ಪೆಟ್ಟಿಗೆ ಮತ್ತು ಕಂಪನಿಯ ಪೆಟ್ಟಿಗೆಯ ನಡುವೆ ಗೋಡೆ ಕಾಯುವುದು. ಕಾಫಿ ಬೋರ್ಡಿನ ಪೂಲ್ ಪದ್ಧತಿ 90ರ ದಶಕದಲ್ಲಿ ಕೊನೆಯಾದಾಗ ಎಸ್ಟೇಟಿನ ಧಣಿಗಳು ಕೆಲವೇ ವರ್ಷದಲ್ಲಿ ರಫ್ತುದಾರರಾದರು, ಉದ್ಯಮಿಗಳಾದರು. ಕಾನೂನಿನಲ್ಲಿ ಅವರ ಪಾತ್ರ ಬದಲಾಯಿತು, ನಮ್ಮ ಹೊಗಳಿಕೆಯ ಪದಗಳು ಬದಲಾಗಲಿಲ್ಲ. ಎಸ್ಟೇಟಿನಿಂದ ಎಸ್ಟೇಟಿಗೆ ದುಡ್ಡು ತಿರುಗಿಸುವುದು ಧಣಿಗೆ ಸಹಜ. ಎಲ್ಲ ತನ್ನದೇ ತಾನೆ? ತನಿಖಾ ವರದಿಯ ಪ್ರಕಾರ ಖಾಸಗಿ ಸಂಸ್ಥೆಗೆ ಹೋದ ಹಣ ಖಾಸಗಿ ಹೂಡಿಕೆದಾರರ ಷೇರು ಮರುಖರೀದಿ, ಸಾಲದ ಕಂತು, ಬಡ್ಡಿ ಇವಕ್ಕೆ ಬಳಕೆಯಾಗಿರಬೇಕು. ಮೋಜಿಗೆ ಅಲ್ಲ. ಇದರಿಂದ ಅವರ ಮೇಲೆ ಮರುಕ ಹುಟ್ಟುತ್ತದೆ, ನನಗೂ. ಆದರೆ ಒಬ್ಬ ಧಣಿ ತನ್ನ ಮರ್ಯಾದೆ ಉಳಿಸಿಕೊಳ್ಳಲು ಮಾಡುವ ಕೆಲಸವನ್ನು ಒಬ್ಬ ನಿರ್ದೇಶಕ ಇತರರ ಹಣದಲ್ಲಿ ಮಾಡಬಹುದೇ? ಗಾಂಧೀಜಿಯವರ ಧರ್ಮದರ್ಶಿತ್ವದ ಮಾತನ್ನು ಇಲ್ಲಿ ಕೆಲವರು ತರುತ್ತಾರೆ. ಆದರೆ ಅದು ತನ್ನ ಸಂಪತ್ತಿಗೆ ತಾನು ಧರ್ಮದರ್ಶಿ ಎಂದು ಭಾವಿಸಬೇಕಾದ ಸಿರಿವಂತನಿಗೆ ಹೇಳಿದ್ದು. ಷೇರುದಾರರ ಹಣಕ್ಕಂತೂ ನಿರ್ದೇಶಕ ಭಾವನೆಯಿಂದ ಅಲ್ಲ, ಕಾನೂನಿನಿಂದಲೇ ಕಾವಲುಗಾರ.

26 ಕೋಟಿ ದಂಡದ ಬಗ್ಗೆ ಒಂದು ಮಾತು. ಪೀಟರ್ ಫ್ರೆಂಚ್ 1979ರ ಪ್ರಬಂಧದಲ್ಲಿ ಕಂಪನಿಯೂ ಒಂದು ನೈತಿಕ ವ್ಯಕ್ತಿ, ಅದಕ್ಕೂ ಉದ್ದೇಶ ಇರುತ್ತದೆ, ಹೊಣೆ ಹೊರಿಸಬಹುದು ಅಂದ. ಒಬ್ಬನ ಮೇಲೆ ಎಲ್ಲ ಹಾಕುವುದಕ್ಕಿಂತ ಇದು ಉತ್ತಮ ಅಂತ ನಾನು ಮೊದಲು ತಿಳಿದಿದ್ದೆ. ಆದರೆ ಕಂಪನಿಗೆ ಹಾಕಿದ ದಂಡವನ್ನು ಕಟ್ಟುವವರು ಯಾರು? ಕಂಪನಿಯ ಹಣವೆಂದರೆ ಷೇರುದಾರರ ಹಣ. ಯಾರ ಹಣ ಹೊರಗೆ ಹೋಯಿತೋ ಅವರೇ, ಹೋಗಲು ಬಿಟ್ಟದ್ದಕ್ಕೆ ದಂಡವನ್ನೂ ಕಟ್ಟಬೇಕು! ‘ಒಬ್ಬನೇ’ ಎನ್ನುವುದು ಒಂದು ತಪ್ಪಿಸಿಕೊಳ್ಳುವಿಕೆ, ‘ಕಂಪನಿ’ ಎನ್ನುವುದು ಇನ್ನೊಂದು. ನಡುವೆ ಇರುವ ಹೆಸರುಳ್ಳ ಕೈಗಳು ಎರಡರಲ್ಲೂ ಕಾಣುವುದಿಲ್ಲ. ಡೆನಿಸ್ ಥಾಂಪ್ಸನ್ 1980ರಲ್ಲಿ ಸರ್ಕಾರಿ ಅಧಿಕಾರಿಗಳ ಬಗ್ಗೆ ಬರೆಯುತ್ತಾ ಇದನ್ನು ಹಲವು ಕೈಗಳ ಸಮಸ್ಯೆ ಎಂದು ಕರೆದ. ಅವನ ಉತ್ತರ ಸರಳ, ಕೆಲಸ ಮಾತ್ರ ಕಷ್ಟದ್ದು: ಪ್ರತಿ ಕೈಯನ್ನೂ ಬೇರೆ ಬೇರೆಯಾಗಿ ನೋಡು, ಅದಕ್ಕೆ ಏನು ಗೊತ್ತಿತ್ತು, ಏನು ಮಾಡಬಹುದಿತ್ತು ಅಂತ ಕೇಳು. ಮೂರು ಮೊಹರಿನ ಪ್ರಬಂಧಕ್ಕಿಂತ ಇದು ಉದ್ದದ ಕೆಲಸ.

ಇದು ನನಗೆ ಯಾಕೆ ಇಷ್ಟು ಹತ್ತಿರದ ವಿಷಯ ಅಂತ ಹೇಳಿಬಿಡುತ್ತೇನೆ. ನಮ್ಮಪ್ಪ ಸಣ್ಣ ಬೆಳೆಗಾರರು. ರೊಬಸ್ಟಾ, ಮರಕ್ಕೆ ಹಬ್ಬಿದ ಮೆಣಸು, ಅಷ್ಟೇ. ಒಂದು ಸಣ್ಣ ಸಂಘದ ಸಮಿತಿಯಲ್ಲಿ ಹಲವು ವರ್ಷ ಇದ್ದರು. ಹೆಸರು ಬೇಡ. ಚೆಕ್ಕಿಗೆ ಎರಡು ಸಹಿ ಬೇಕಿತ್ತು, ಒಂದು ಅಧ್ಯಕ್ಷರದು, ಇನ್ನೊಂದು ಅಪ್ಪನದು. ಕೊಯ್ಲಿನ ಸಮಯದಲ್ಲಿ ಅಪ್ಪನಿಗೆ ಪೇಟೆಗೆ ಹೋಗಲು ಪುರುಸೊತ್ತಿಲ್ಲ. ಅಧ್ಯಕ್ಷರು ಮನೆ ಮುಂದೆ ಜೀಪು ನಿಲ್ಲಿಸುತ್ತಿದ್ದರು. ಅಪ್ಪ ಕಣದಿಂದ ಬಂದು, ಕೈ ಪಂಚೆಗೆ ಒರೆಸಿಕೊಂಡು, ಒಂದೇ ಸಲಕ್ಕೆ ಹತ್ತು ಹಾಳೆಗೆ ಸಹಿ ಹಾಕುತ್ತಿದ್ದರು. ಖಾಲಿ ಹಾಳೆಗಳು. ನಾನು ಆಗ ಹೈಸ್ಕೂಲು. ಪೆನ್ನು ತಂದುಕೊಡುತ್ತಿದ್ದವರಲ್ಲಿ ನಾನೂ ಒಬ್ಬರು. ಮುಂದೆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಬಂತು, ದೊಡ್ಡ ಮೊತ್ತವೇನಲ್ಲ. ಅಪ್ಪ ಒಂದು ಪೈಸೆ ಮುಟ್ಟಿರಲಿಲ್ಲ, ಅದನ್ನು ಎಲ್ಲರೂ ಒಪ್ಪಿದರು. ಅಧ್ಯಕ್ಷರು ಸಭೆಯಲ್ಲಿ ಎದ್ದು, ಎಲ್ಲಾ ನನ್ನ ತಪ್ಪು, ಇವರಿಗೆ ಏನೂ ಗೊತ್ತಿಲ್ಲ ಅಂದರು. ಜನ ಅವರನ್ನು ದೊಡ್ಡ ಮನಸ್ಸಿನವರು ಅಂದರು. ಅಪ್ಪ ಆವತ್ತು ಊಟ ಮಾಡಲಿಲ್ಲ. ‘ನಂಗೆ ಏನೂ ಗೊತ್ತಿಲ್ಲ ಅನ್ನೋದು ಹೊಗಳಿಕೆನಾ?’ ಅಂತ ಅವ್ವನ ಹತ್ತಿರ ಕೇಳಿದರು.

ಹೋದ ಸೆಮಿಸ್ಟರ್‌ನ ಪ್ರಬಂಧ ಬರೆಯುವಾಗ ಈ ಪ್ರಶ್ನೆ ನನಗೆ ನೆನಪಾಗಲೇ ಇಲ್ಲ. ಸೆಬಿ ಆದೇಶದಲ್ಲಿ ಖಾಲಿ ಚೆಕ್ಕಿನ ಸಾಲನ್ನು ಎರಡನೇ ಸಲ ಓದಿದಾಗ ನೆನಪಾಯಿತು.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ನಿಮ್ಮ ವಾದ ಒಪ್ಪುತ್ತೇನೆ, ಆದರೆ ಒಂದು ಅಪಾಯ ಇದೆ. ಹೊಣೆಯನ್ನು ಸಹಿದಾರರಿಗೆ ಹಂಚುತ್ತಾ ಹೋದರೆ ಮೇಲಿದ್ದವರ ಪಾಲು ಕಡಿಮೆಯಾಗುವುದಿಲ್ಲವೇ? ಸಂಬಳಕ್ಕಿರುವ ಗುಮಾಸ್ತ ಅಧ್ಯಕ್ಷರಿಗೆ ಬೇಡ ಅನ್ನೋಕಾಗ್ತದಾ?

ಉತ್ತರ: ಸರ್, ಹೊಣೆಯನ್ನು ನಾನು ರೊಟ್ಟಿ ಹಾಗೆ ಹಂಚುತ್ತಿಲ್ಲ, ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ ಆಗೋಕೆ. ಖಾಲಿ ಚೆಕ್ಕಿಗೆ ಸಹಿ ಕೇಳಿದವರ ತಪ್ಪು ಪೂರ್ತಿ ಹಾಗೇ ಇರುತ್ತದೆ. ಎರಡನೇ ಮಾತು ನಿಜ, ಗುಮಾಸ್ತನಿಗೆ ಕಷ್ಟ. ಅದಕ್ಕೇ ಥಾಂಪ್ಸನ್‌ನ ಪ್ರಶ್ನೆಯಲ್ಲಿ ‘ಏನು ಮಾಡಬಹುದಿತ್ತು’ ಅನ್ನೋದೂ ಇದೆ. ಗುಮಾಸ್ತನ ಉತ್ತರ ಒಂದು ಇರುತ್ತದೆ, ಸ್ವತಂತ್ರ ನಿರ್ದೇಶಕರ ಉತ್ತರ ಬೇರೆ ಇರುತ್ತದೆ, ಲೆಕ್ಕಪರಿಶೋಧಕರದ್ದು ಇನ್ನೂ ಬೇರೆ. ಬೇಡ ಅನ್ನೋದಕ್ಕೇ ಸಂಬಳ ಪಡೆಯುವವರು ಲೆಕ್ಕಪರಿಶೋಧಕರು. 842 ಕೋಟಿಯ ಪ್ರಶ್ನೆಯನ್ನು ನಾನು ಗುಮಾಸ್ತನಿಗೆ ಕೇಳುವುದಿಲ್ಲ.

ಪ್ರಶ್ನೆ (ಸಹಪಾಠಿಯೊಬ್ಬರು, ಚಾಟ್‌ನಲ್ಲಿ): ನಿಮ್ಮಪ್ಪ ಈಗಲೂ ಆ ಸಮಿತಿಯಲ್ಲಿ ಇದ್ದಾರಾ?

ಉತ್ತರ: ಇಲ್ಲ, ಅದೇ ವರ್ಷ ಬಿಟ್ಟರು. ಅವರ ಜಾಗಕ್ಕೆ ನಮ್ಮ ಚಿಕ್ಕಪ್ಪ ಬಂದ್ರು. ಮೊನ್ನೆ ಈ ಪ್ರಬಂಧದ ಕಾಂಟ್ ಭಾಗವನ್ನ ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ನಿಂಗೆ ಇನ್ನೂ ಸಹಿ ಹಾಕೋ ಕೆಲಸ ಸಿಕ್ಕಿಲ್ಲ ಮಗಾ, ಸಿಕ್ಕ ಮೇಲೆ ಹೇಳು’ ಅಂದ್ರು.